ಒಂದೇ ಇನಿಂಗ್ಸಿನ ಇಬ್ಬರು

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ದಾರಿ ತಪ್ಪಿದ ಕಡೆ ಸರಿಪಡಿಸಿದ್ದೇನೆ. ಬೇಕೆಂದೇ ದಾರಿ ಬಿಟ್ಟ ಕಡೆ ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇಸ್‌ಬಾಲ್ ಬಗ್ಗೆ ಮಾತನಾಡುತ್ತೇನೆ ಎಂದು ಒಪ್ಪಿಕೊಂಡವನು ಕಪ್ಪುಹಲಗೆ ಬೇಕು ಎಂದಾಗ ಸಂಘಟಕರು ಸ್ವಲ್ಪ ಗಾಬರಿಯಾದರು. ತಪ್ಪು ಅವರದಲ್ಲ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಬೆರಳಲ್ಲಿ ಸೀಮೆಸುಣ್ಣ ಇಲ್ಲದಿದ್ದರೆ ನನ್ನ ನಾಲಗೆ ಹೊರಳುವುದಿಲ್ಲ. ಹೆದರಬೇಡಿ, ಸೂತ್ರ ಒಂದೇ ಒಂದು. ಮೊದಲು ಎರಡು ಸಂಖ್ಯೆ ಬರೆಯುತ್ತೇನೆ. ಮೇಲೆ 189.00. ಅದರ ಕೆಳಗೆ 1.69.

ಇವು ಇಬ್ಬರು ಮನುಷ್ಯರ ಇಡೀ ವೃತ್ತಿಜೀವನ. ಇಬ್ಬರೂ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್‌ಗಳು, ಅಂದರೆ ನಮ್ಮ ಭಾಷೆಯಲ್ಲಿ ಬೌಲರ್‌ಗಳು. ಇಬ್ಬರೂ ಆಡಿದ್ದು ಒಂದೊಂದೇ ಪಂದ್ಯ. ಆ ಒಂದೊಂದು ಪಂದ್ಯ ಎರಡಲ್ಲ, ಒಂದೇ. ಒಂದೇ ತಂಡ, ಒಂದೇ ಮೈದಾನ, ಒಂದೇ ಸಂಜೆ, ಅಷ್ಟೇಕೆ, ಒಂದೇ ಇನಿಂಗ್ಸ್. ಒಬ್ಬ ಚೆಂಡು ಕೆಳಗಿಟ್ಟು ಹೋದ, ಇನ್ನೊಬ್ಬ ಎತ್ತಿಕೊಂಡ. 1945ರ ಆಗಸ್ಟ್ 4, ಶನಿವಾರ, ವಾಷಿಂಗ್ಟನ್ ನಗರದ ಗ್ರಿಫಿತ್ ಕ್ರೀಡಾಂಗಣ.

ಕತೆಗೆ ಮೊದಲು ಸಂಖ್ಯೆ ಅರ್ಥವಾಗಬೇಕು. ಬೇಸ್‌ಬಾಲ್ ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಒಂಬತ್ತು ಇನಿಂಗ್ಸ್. ಮೂರು ಮಂದಿ ಔಟಾದರೆ ಒಂದು ಇನಿಂಗ್ಸ್ ಮುಗಿಯಿತು. ಪಿಚರ್‌ನ ಯೋಗ್ಯತೆ ಅಳೆಯಲು ಅವರು ಮಾಡುವ ಲೆಕ್ಕ ಇದು: ಸಹ ಆಟಗಾರರ ತಪ್ಪಿನಿಂದ ಬಂದ ರನ್‌ಗಳನ್ನು ಬಿಟ್ಟು, ಅವನ ಲೆಕ್ಕಕ್ಕೆ ಬಿದ್ದ ರನ್‌ಗಳನ್ನು ಒಂಬತ್ತರಿಂದ ಗುಣಿಸಿ, ಅವನು ಹಾಕಿದ ಇನಿಂಗ್ಸ್‌ಗಳಿಂದ ಭಾಗಿಸುವುದು. ಪೂರ್ತಿ ಪಂದ್ಯವನ್ನು ಅವನೊಬ್ಬನೇ ಎಸೆದಿದ್ದರೆ ಎಷ್ಟು ರನ್ ಕೊಡುತ್ತಿದ್ದ ಎಂಬ ಅಂದಾಜು. ಮೂರರ ಒಳಗಿದ್ದರೆ ಉತ್ತಮ, ನಾಲ್ಕರ ಸುತ್ತಮುತ್ತ ಇದ್ದರೆ ಸಾಧಾರಣ, ಆರು ದಾಟಿದರೆ ಮನೆಗೆ ಕಾಗದ ಬರೆಯುವ ಹೊತ್ತು. ನೂರಾ ಎಂಬತ್ತೊಂಬತ್ತು ಎಂದರೆ ಏನೆಂದು ನೀವೇ ಊಹಿಸಿಕೊಳ್ಳಿ.

ಕೆಳಗಿನ ಸಂಖ್ಯೆಯಿಂದ ಶುರುಮಾಡುತ್ತೇನೆ. ಅದರ ಒಡೆಯ ಬರ್ಟ್ ಶೆಪರ್ಡ್. 1920ರಲ್ಲಿ ಇಂಡಿಯಾನಾ ರಾಜ್ಯದ ಡೇನಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಎಡಗೈ ಪಿಚರ್. ಯುದ್ಧಕ್ಕೆ ಮೊದಲು ಕೆಳಹಂತದ ಲೀಗ್‌ಗಳಲ್ಲಿ ಊರೂರು ಅಲೆದು ಆಡಿದ್ದ, ಹೇಳಿಕೊಳ್ಳುವಂಥದ್ದೇನೂ ಮಾಡಿರಲಿಲ್ಲ. ವೇಗ ಇತ್ತು, ಹಿಡಿತ ಇರಲಿಲ್ಲ. ಯುದ್ಧ ಬಂತು, ಸೇನೆಗೆ ಸೇರಿ ಪೈಲಟ್ ಆದ. ಅವಳಿ ಬಾಲದ ಪಿ-38 ಯುದ್ಧವಿಮಾನದಲ್ಲಿ ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಾರುತ್ತಿದ್ದ. ಬಿಡುವಿದ್ದಾಗ ವಾಯುನೆಲೆಯ ಬೇಸ್‌ಬಾಲ್ ತಂಡಕ್ಕೆ ಅವನೇ ಯಜಮಾನ.

1944ರ ಮೇ 21ರಂದು ಅವನ ಮೂವತ್ತನಾಲ್ಕನೆಯ ಹಾರಾಟ. ಹ್ಯಾಂಬರ್ಗ್‌ನ ಪೂರ್ವಕ್ಕೆ, ನೆಲದಿಂದ ಹಾರಿಸಿದ ಗುಂಡುಗಳು ವಿಮಾನದ ಹೊಟ್ಟೆ ಸೀಳಿ ಅವನ ಬಲಗಾಲಿಗೆ ಬಡಿದವು. ಪ್ರಜ್ಞೆ ತಪ್ಪಿತು. ವಿಮಾನ ಹೊಲಕ್ಕೆ ಅಪ್ಪಳಿಸಿತು. ಬಾಂಬುಗಳಿಂದ ರೋಸಿಹೋಗಿದ್ದ ಊರಿನ ರೈತರು ಕವೆಗೋಲು ಹಿಡಿದು ಓಡಿ ಬಂದರು. ಜರ್ಮನ್ ವಾಯುಪಡೆಯ ವೈದ್ಯನೊಬ್ಬ, ಲಾಡಿಸ್ಲಾಸ್ ಲೋಯ್ಡಲ್, ಇಬ್ಬರು ಸೈನಿಕರೊಂದಿಗೆ ಅಲ್ಲಿಗೆ ಬಂದು, ಜನರನ್ನು ಹಿಂದೆ ಸರಿಸಿ, ಶತ್ರು ಪೈಲಟನನ್ನು ಆಸ್ಪತ್ರೆಗೆ ಸಾಗಿಸಿದ. ಶೆಪರ್ಡ್‌ಗೆ ಇದೊಂದೂ ಗೊತ್ತಿಲ್ಲ. ದಿನಗಳ ನಂತರ ಕಣ್ಣು ಬಿಟ್ಟಾಗ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ಕೈದಿಗಳ ಶಿಬಿರದಲ್ಲಿ ಕೆನಡಾದ ಇನ್ನೊಬ್ಬ ಕೈದಿ, ಡಾನ್ ಎರ್ರಿ, ಸಿಕ್ಕಿದ ಸಾಮಗ್ರಿಯಲ್ಲೇ ಅವನಿಗೊಂದು ಕೃತಕ ಕಾಲು ಮಾಡಿಕೊಟ್ಟ. ಶೆಪರ್ಡ್ ಅದರ ಮೇಲೆ ನಿಂತ, ನಡೆದ. ನಡೆಯುವುದು ಬಂದ ಮೇಲೆ ಎಸೆಯಲು ಶುರುಮಾಡಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಒಂಟಿ ಕಾಲಿನ ಪಿಚರ್' ಎಂದು ಪತ್ರಿಕೆಗಳು ಬರೆದು ಕೈತೊಳೆದುಕೊಂಡವು. ಯಾವ ಕಾಲು ಎಂಬುದೇ ಇಲ್ಲಿ ಮುಖ್ಯ.

ನಮ್ಮ ವೇಗದ ಬೌಲರ್ ದೂರದಿಂದ ಓಡಿ ಬರುತ್ತಾನೆ. ಪಿಚರ್‌ಗೆ ಓಟವಿಲ್ಲ. ಅವನು ಸಣ್ಣದೊಂದು ಮಣ್ಣಿನ ದಿಬ್ಬದ ಮೇಲೆ ನಿಂತಿರುತ್ತಾನೆ. ಬ್ಯಾಟರ್ ಅವನಿಂದ ಅರವತ್ತೂವರೆ ಅಡಿ ದೂರ, ನಮ್ಮ ಇಪ್ಪತ್ತೆರಡು ಗಜದ ಪಿಚ್‌ಗಿಂತ ಕೊಂಚ ಹತ್ತಿರ. ನಿಂತ ನಿಲುವಿನಲ್ಲೇ ಚೆಂಡಿಗೆ ವೇಗ ಹುಟ್ಟಬೇಕು. ಎಡಗೈ ಪಿಚರ್ ಏನು ಮಾಡುತ್ತಾನೆ? ಬಲಗಾಲನ್ನು ಮೇಲೆತ್ತುತ್ತಾನೆ. ಎಡಗಾಲಿನಿಂದ ದಿಬ್ಬವನ್ನು ಒದ್ದು ಮುಂದಕ್ಕೆ ಚಿಮ್ಮುತ್ತಾನೆ. ಬಲಗಾಲು ಇಳಿಜಾರಿನ ಮೇಲೆ ಬಂದು ಊರುತ್ತದೆ, ಆ ಊರಿದ ಕಾಲಿನ ಮೇಲೆ ಇಡೀ ಮೈ ಹಾಯುತ್ತದೆ, ಕೊನೆಗೆ ಕೈ ಚಾಟಿಯ ಹಾಗೆ ಬೀಸಿ ಬರುತ್ತದೆ. ಅಂದರೆ ಒದೆಯುವ ಕಾಲು ಎಡ, ಹೊಡೆತ ತಾಳುವ ಕಾಲು ಬಲ.

ಶೆಪರ್ಡ್ ಕಳೆದುಕೊಂಡದ್ದು ಬಲಗಾಲು. ಹೀಗಾಗಿ ಶಕ್ತಿ ಹುಟ್ಟುವ ಜಾಗ ಉಳಿದಿತ್ತು. ಎಡಗಾಲು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪ್ರತಿ ಎಸೆತಕ್ಕೂ ಅವನ ಮೈಭಾರವೆಲ್ಲ, ನಡೆಯುವಾಗಿನದಕ್ಕಿಂತ ಎಷ್ಟೋ ಪಟ್ಟಾಗಿ, ಕತ್ತರಿಸಿದ ಮೂಳೆಯ ತುದಿಯ ಮೇಲೆ ಬೀಳುತ್ತಿತ್ತು. ನಿಜವಾದ ಪಾದ ಇಳಿಜಾರಿಗೆ ತಕ್ಕಂತೆ ಬಾಗುತ್ತದೆ, ಬೆರಳು ಮಣ್ಣು ಹಿಡಿಯುತ್ತದೆ. ಆ ಕಾಲದ ಕೃತಕ ಪಾದಕ್ಕೆ ಅದ್ಯಾವುದೂ ತಿಳಿಯದು. ಅವನು ಮಾಡಿದ್ದು ಕಾಲಿಗೆ ತಕ್ಕಂತೆ ಮೈಯನ್ನು ತಿದ್ದಿಕೊಂಡದ್ದು. ಒಂದು ಪಂದ್ಯದಲ್ಲಿ ನೂರರ ಸುಮಾರು ಎಸೆತ ಹಾಕುವುದೆಂದರೆ ನೂರು ಸಲ ಆ ಮೂಳೆಯ ಮೇಲೆ ಇಳಿಯುವುದು.

ಎಸೆದ ಮೇಲೂ ಕೆಲಸ ಮುಗಿಯುವುದಿಲ್ಲ. ಬ್ಯಾಟರ್ ಬೇಕೆಂದೇ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮುಂದೆಯೇ ಮೆಲ್ಲಗೆ ಉರುಳಿಸಬಹುದು. ಅದಕ್ಕೆ ಬಂಟ್ ಎನ್ನುತ್ತಾರೆ. ಪಿಚರ್ ದಿಬ್ಬದಿಂದ ಓಡಿ ಇಳಿದು, ಬಗ್ಗಿ ಎತ್ತಿ, ತಿರುಗಿ ಎಸೆಯಬೇಕು. ಒಂದು ಕಾಲಿಲ್ಲದವನಿಗೆ ಎದುರಾಳಿ ಮಾಡಬಹುದಾದ ಅತಿ ನಿರ್ದಯ ಕೆಲಸ ಅದು. ನಿಯಮದ ಪ್ರಕಾರ ಪೂರ್ತಿ ನ್ಯಾಯವಾದದ್ದೂ ಹೌದು.

1945ರ ಫೆಬ್ರವರಿಯಲ್ಲಿ ಗಾಯಾಳು ಕೈದಿಗಳ ವಿನಿಮಯ ನಡೆದು ಶೆಪರ್ಡ್ ಹಡಗಿನಲ್ಲಿ ಊರಿಗೆ ಮರಳಿದ. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿದ್ದಾಗ ಯುದ್ಧ ಇಲಾಖೆಯ ಉಪಕಾರ್ಯದರ್ಶಿ ರಾಬರ್ಟ್ ಪ್ಯಾಟರ್ಸನ್ ಗಾಯಾಳುಗಳನ್ನು ಮಾತನಾಡಿಸಿದರು. ಮುಂದೇನು ಮಾಡಬೇಕೆಂದಿದ್ದೀಯ ಎಂಬ ಪ್ರಶ್ನೆಗೆ ಶೆಪರ್ಡ್, ಮತ್ತೆ ವಿಮಾನ ಹಾರಿಸಲು ಆಗದಿದ್ದರೆ ಬೇಸ್‌ಬಾಲ್ ಆಡಬೇಕು ಎಂದ. ಪ್ಯಾಟರ್ಸನ್ ವಾಷಿಂಗ್ಟನ್ ಸೆನೇಟರ್ಸ್ ತಂಡದ ಮಾಲೀಕ ಕ್ಲಾರ್ಕ್ ಗ್ರಿಫಿತ್‌ಗೆ ಫೋನ್ ಮಾಡಿದರು. ಒಂದು ಪರೀಕ್ಷೆ ನೋಡೋಣ ಎಂದು ಮಾಲೀಕ ಒಪ್ಪಿದ. ನನಗೆ ಅನ್ನಿಸುವುದು, ಇದರಲ್ಲಿ ಒಳ್ಳೆಯತನ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇತ್ತು. ಯುದ್ಧದಲ್ಲಿ ಕಾಲು ಕಳೆದುಕೊಂಡ ಸಾವಿರಾರು ಹುಡುಗರು ಮನೆಗೆ ಬರುತ್ತಿದ್ದರು. ಕೃತಕ ಕಾಲಿನಲ್ಲಿ ಚೆಂಡು ಎಸೆಯುವವನ ಚಿತ್ರ ಸರ್ಕಾರಕ್ಕೂ ಬೇಕಿತ್ತು, ಪತ್ರಿಕೆಗೂ ಬೇಕಿತ್ತು, ಟಿಕೆಟ್ ಮಾರುವವನಿಗಂತೂ ಬೇಕೇ ಬೇಕಿತ್ತು. ಹೊಸ ಕಾಲು ಕಟ್ಟಿಕೊಂಡ ಕೆಲವೇ ದಿನಗಳಲ್ಲಿ ಅವನು ತಂಡದ ಅಭ್ಯಾಸ ಶಿಬಿರದಲ್ಲಿ ಹಾಜರಿದ್ದ. ಛಾಯಾಗ್ರಾಹಕರೂ ಹಾಜರಿದ್ದರು.

ಆ ವರ್ಷದ ಬೇಸ್‌ಬಾಲ್ ಹೇಗಿತ್ತು ಎಂಬುದನ್ನೂ ಹೇಳಬೇಕು. ಐನೂರಕ್ಕೂ ಹೆಚ್ಚು ಮೇಜರ್ ಲೀಗ್ ಆಟಗಾರರು ಸೇನೆಗೆ ಹೋಗಿದ್ದರು. ಬಾಸ್ಟನ್‌ನ ಮಹಾನ್ ಬ್ಯಾಟರ್ ಟೆಡ್ ವಿಲಿಯಮ್ಸ್ ಕೂಡ ತಂಡದಲ್ಲಿರಲಿಲ್ಲ. ಯುದ್ಧವಿದ್ದರೂ ಆಟ ನಡೆಯಲಿ ಎಂದು ಅಧ್ಯಕ್ಷ ರೂಸ್‌ವೆಲ್ಟ್ 1942ರಲ್ಲೇ ಪತ್ರ ಬರೆದಿದ್ದರು, ಆಟ ನಡೆಯುತ್ತಿತ್ತು. ಆಡುವವರು ಮಾತ್ರ ತೀರಾ ಎಳೆಯರು, ವಯಸ್ಸಾದವರು, ಸೇನೆ ಬೇಡವೆಂದವರು. ಸೇಂಟ್ ಲೂಯಿಸ್ ಬ್ರೌನ್ಸ್ ತಂಡದಲ್ಲಿ ಬಲಗೈ ಇಲ್ಲದ ಪೀಟ್ ಗ್ರೇ ಆ ವರ್ಷ 77 ಪಂದ್ಯ ಆಡಿದ.

ಸೆನೇಟರ್ಸ್ ತಂಡದ ಬಗ್ಗೆ ಅಮೆರಿಕದಲ್ಲಿ ಹಳೆಯ ಹಾಸ್ಯವೊಂದಿತ್ತು. ವಾಷಿಂಗ್ಟನ್ ಯುದ್ಧದಲ್ಲಿ ಮೊದಲು, ಶಾಂತಿಯಲ್ಲಿ ಮೊದಲು, ಲೀಗ್‌ನಲ್ಲಿ ಕೊನೆ. 1944ರಲ್ಲಿ ಎಂಟು ತಂಡಗಳ ಪೈಕಿ ಎಂಟನೆಯ ಸ್ಥಾನಕ್ಕೆ ಬಂದು ಅವರು ಆ ಮಾತಿನ ಮಾನ ಉಳಿಸಿದ್ದರು. 1945ರಲ್ಲಿ ಇದ್ದಕ್ಕಿದ್ದಂತೆ ಚೆನ್ನಾಗಿ ಆಡತೊಡಗಿದರು. ನಾಲ್ವರು ಮುಖ್ಯ ಪಿಚರ್‌ಗಳೂ ನಕಲ್‌ಬಾಲ್ ಹಾಕುವವರು. ತಿರುಗದೆ, ತೂಕಡಿಸುತ್ತಾ, ಕುಡುಕನ ಹಾಗೆ ವಾಲಾಡುತ್ತಾ ಬರುವ ನಿಧಾನದ ಚೆಂಡು ಅದು. ಬ್ಯಾಟರ್‌ಗೆ ಸಿಕ್ಕುವುದಿಲ್ಲ, ಎಷ್ಟೋ ಸಲ ಹಿಂದೆ ಕುಳಿತ ತಮ್ಮವನಿಗೂ ಸಿಕ್ಕುವುದಿಲ್ಲ. ತಂಡ ಪ್ರಶಸ್ತಿಯ ಓಟದಲ್ಲಿತ್ತು. ಶೆಪರ್ಡ್‌ಗೆ ಇದು ದುರದೃಷ್ಟ. ಸೋಲುವ ತಂಡಕ್ಕೆ ಪ್ರಯೋಗ ಮಾಡಲು ಧೈರ್ಯವಿರುತ್ತದೆ, ಗೆಲ್ಲುವ ತಂಡಕ್ಕೆ ಇರುವುದಿಲ್ಲ. ಅವನು ಅಭ್ಯಾಸದಲ್ಲಿ ಬ್ಯಾಟರ್‌ಗಳಿಗೆ ಚೆಂಡು ಹಾಕಿದ, ಆಸ್ಪತ್ರೆಗಳಿಗೆ ಹೋಗಿ ಗಾಯಾಳುಗಳನ್ನು ಮಾತನಾಡಿಸಿದ, ಚಿತ್ರಕ್ಕೆ ನಿಂತ. ಜುಲೈ 10ರಂದು ಬ್ರೂಕ್ಲಿನ್ ಡಾಜರ್ಸ್ ವಿರುದ್ಧ ಯುದ್ಧ ಪರಿಹಾರ ನಿಧಿಗಾಗಿ ನಡೆದ ಪ್ರದರ್ಶನ ಪಂದ್ಯದಲ್ಲಿ ಆಡಿಸಿದರು. ತಂಡ 4-3ರಿಂದ ಗೆದ್ದಿತು, ಗೆಲುವು ಅವನ ಹೆಸರಿಗೆ ಬಂತು. ಲೀಗ್ ಪಂದ್ಯಕ್ಕೆ ಮಾತ್ರ ಕರೆ ಬರಲಿಲ್ಲ.

ಈಗ ಮೇಲಿನ ಸಂಖ್ಯೆಗೆ ಬರುತ್ತೇನೆ.

ಜೋ ಕ್ಲಿಯರಿ ಹುಟ್ಟಿದ್ದು 1918ರಲ್ಲಿ, ಐರ್ಲೆಂಡಿನ ಕಾರ್ಕ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಬೆಂಕಿಯಂಥ ಸ್ವಭಾವ, ಅಡ್ಡಹೆಸರೂ 'ಫೈರ್' ಎಂದೇ. ಅವನೂ ಕೆಳಹಂತದ ಲೀಗ್‌ಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ್ದ. ಯುದ್ಧ ತಂದ ಆಟಗಾರರ ಕೊರತೆಯಿಂದಾಗಿ 1945ರ ಬೇಸಿಗೆಯಲ್ಲಿ ವಾಷಿಂಗ್ಟನ್ ಅವನನ್ನು ಮೇಲೆ ಕರೆಸಿಕೊಂಡಿತು.

ಆ ದಿನ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಒಂದರ ಹಿಂದೆ ಒಂದು ಎರಡು ಪಂದ್ಯ. ಆ ದಿನಗಳಲ್ಲಿ ಸೆನೇಟರ್ಸ್‌ಗೆ ಹೀಗೆ ಜೋಡಿ ಪಂದ್ಯಗಳ ಸರಮಾಲೆಯೇ ಇತ್ತು, ಪಿಚರ್‌ಗಳ ತೋಳು ಸೋತಿದ್ದವು. ಎರಡನೆಯ ಪಂದ್ಯದ ನಾಲ್ಕನೆಯ ಇನಿಂಗ್ಸ್‌ನಲ್ಲಿ ಬಾಸ್ಟನ್ ಬಾರಿಸತೊಡಗಿತು. ಮ್ಯಾನೇಜರ್ ಓಸಿ ಬ್ಲೂಜಿ ಮೊದಲ ಪಿಚರ್‌ನನ್ನು ತೆಗೆದು ಕ್ಲಿಯರಿಗೆ ಚೆಂಡು ಕೊಟ್ಟ. ಜೀವಮಾನದ ಮೊದಲ ಮೇಜರ್ ಲೀಗ್ ಎಸೆತ, ಅದೂ ಉರಿಯುತ್ತಿರುವ ಮನೆಯೊಳಗೆ ನಿಂತು.

ಐದು ಹಿಟ್, ಅಂದರೆ ಬ್ಯಾಟರ್ ಚೆಂಡು ಬಾರಿಸಿ, ರನ್ನಿನ ಹಾದಿಯಲ್ಲಿರುವ ಬೇಸ್ ಎಂಬ ನಿಲ್ದಾಣವನ್ನು ಔಟಾಗದೆ ತಲುಪಿದ್ದು ಐದು ಸಲ. ಮೂರು ವಾಕ್, ಅಂದರೆ ನಾಲ್ಕು ತಪ್ಪು ಎಸೆತ ಹಾಕಿ ಬ್ಯಾಟರ್‌ನನ್ನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳುಹಿಸಿದ್ದು ಮೂರು ಸಲ. ನಡುವೆ ಒಬ್ಬನನ್ನು ಸ್ಟ್ರೈಕ್ ಔಟ್ ಮಾಡಿದ, ಅಂದರೆ ಮೂರು ಸರಿಯಾದ ಎಸೆತಗಳಿಗೆ ಅವನು ಸೋಲುವಂತೆ ಮಾಡಿ ಔಟ್ ಮಾಡಿದ. ಆ ಇನಿಂಗ್ಸ್‌ನಲ್ಲಿ ಬಾಸ್ಟನ್‌ನ ಟಾಮ್ ಮೆಕ್‌ಬ್ರೈಡ್ ಒಬ್ಬನೇ ತನ್ನ ಹೊಡೆತಗಳಿಂದ ತಂಡಕ್ಕೆ ಆರು ರನ್‌ಗಳನ್ನು ತಂದುಕೊಟ್ಟ. ಒಂದು ಇನಿಂಗ್ಸ್‌ಗೆ ಆಗ ಅದು ದಾಖಲೆಗೆ ಸಮ. ಬಾಸ್ಟನ್‌ಗೆ ಒಟ್ಟು ಹನ್ನೆರಡು ರನ್. ಅದರಲ್ಲಿ ಏಳು ಕ್ಲಿಯರಿಯ ಲೆಕ್ಕಕ್ಕೆ. ಬ್ಲೂಜಿ ಅವನನ್ನು ಹೊರಗೆ ಕರೆಸಿಕೊಂಡ. ಡಗೌಟ್‌ನಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಕೈ ಕೈ ಮಿಲಾಯಿಸುವ ತನಕ ಹೋಯಿತು. ಕ್ಲಿಯರಿ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ.

ಹಲಗೆಯ ಲೆಕ್ಕ ಈಗ ಮಾಡೋಣ. ಏಳು ರನ್. ಔಟಾದವನು ಒಬ್ಬ, ಅಂದರೆ ಇನಿಂಗ್ಸ್‌ನ ಮೂರನೆಯ ಒಂದು ಭಾಗ. ಏಳನ್ನು ಒಂಬತ್ತರಿಂದ ಗುಣಿಸಿದರೆ ಅರವತ್ತಮೂರು. ಮೂರನೆಯ ಒಂದು ಭಾಗದಿಂದ ಭಾಗಿಸುವುದೆಂದರೆ ಮೂರರಿಂದ ಗುಣಿಸುವುದು. ನೂರಾ ಎಂಬತ್ತೊಂಬತ್ತು. ಒಬ್ಬನನ್ನಾದರೂ ಔಟ್ ಮಾಡಿದ ಪಿಚರ್‌ಗಳ ಪೈಕಿ ಮೇಜರ್ ಲೀಗ್ ಚರಿತ್ರೆಯಲ್ಲೇ ಅತಿ ಕೆಟ್ಟ ಸಂಖ್ಯೆ.

ಒಬ್ಬನನ್ನೂ ಔಟ್ ಮಾಡದೇ ಹೋದವರು ಇದ್ದಾರೆ, ಗಮನಿಸಿ. ಅವರ ಛೇದ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅನಂತದ ಚಿಹ್ನೆಯೋ ಗೆರೆಯೋ ಇರುತ್ತದೆ, ಪಟ್ಟಿಯ ತಳಕ್ಕೆ ಅವರು ಬೀಳುವುದೇ ಇಲ್ಲ. ಆ ಒಬ್ಬನನ್ನು ಔಟ್ ಮಾಡಿದ್ದೇ ಕ್ಲಿಯರಿಯ ತಪ್ಪಾಯಿತು! ನನ್ನ ವಿದ್ಯಾರ್ಥಿಗಳಿಗೆ ಈ ಉದಾಹರಣೆ ಕೊಟ್ಟಾಗಲೆಲ್ಲ ಹಿಂದಿನ ಬೆಂಚಿನವರೂ ನಕ್ಕಿದ್ದಾರೆ. ಸಣ್ಣ ಛೇದ ಎಂಬುದು ಚಾಡಿಕೋರನ ಹಾಗೆ. ಇದ್ದದ್ದನ್ನೇ ಹೇಳುತ್ತದೆ, ಆದರೆ ಹೇಳಿದ್ದನ್ನು ಕೇಳಿ ಯಾರ ಮೇಲೂ ತೀರ್ಪು ಕೊಡಬಾರದು. ಕ್ರಿಕೆಟ್‌ನಲ್ಲಿ ಇದರ ಸಿಹಿ ಮುಖವಿದೆ. ಟ್ರಿನಿಡಾಡ್‌ನ ಆ್ಯಂಡಿ ಗ್ಯಾಂಟೋಮ್ 1948ರಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ್ದು ಒಂದೇ ಟೆಸ್ಟ್, ಒಂದೇ ಇನಿಂಗ್ಸ್. ಹೊಡೆದದ್ದು 112. ಸರಾಸರಿ 112, ಬ್ರಾಡ್‌ಮನ್‌ರ 99.94ಕ್ಕಿಂತ ಮೇಲೆ. ಬ್ರಾಡ್‌ಮನ್‌ಗಿಂತ ದೊಡ್ಡವನು ಎಂದು ಅವನನ್ನು ಯಾರೂ ಕರೆಯುವುದಿಲ್ಲ. ಕ್ಲಿಯರಿಯನ್ನು ಮಾತ್ರ ಅತಿ ಕೆಟ್ಟ ಪಿಚರ್ ಎಂದು ಕರೆಯಲು ಯಾರಿಗೂ ಸಂಕೋಚವಿಲ್ಲ.

ಈಗ ಮೈದಾನಕ್ಕೆ ಮರಳೋಣ. ಎರಡು ಔಟ್ ಆಗಿವೆ. ಬಾಸ್ಟನ್ 14, ವಾಷಿಂಗ್ಟನ್ 2. ಪಂದ್ಯ ಹೋಯಿತು. ದುಡಿದ ತೋಳುಗಳನ್ನು ಇನ್ನು ಇದಕ್ಕೆ ವ್ಯಯಿಸುವುದು ಬುದ್ಧಿವಂತಿಕೆಯಲ್ಲ. ಬ್ಲೂಜಿ ಶೆಪರ್ಡ್‌ನನ್ನು ಕರೆದ.

ಅವನನ್ನು ಕರೆದದ್ದು ಪಂದ್ಯ ಸೋತಾಗಿದ್ದರಿಂದ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಓದುವಾಗ ಎಲ್ಲರ ಕಣ್ಣೂ ತೇವವಾಗಿ ಇದು ಮರೆತುಹೋಗುತ್ತದೆ.

ದಿಬ್ಬದವರೆಗೆ ನಡೆದು ಹೋದ. ಇಪ್ಪತ್ತೈದು ವರ್ಷದ ಹುಡುಗ. ಎದುರಿಗೆ ಜಾರ್ಜ್ ಮೆಟ್ಕೊವಿಚ್, ಅಡ್ಡಹೆಸರು 'ಕ್ಯಾಟ್‌ಫಿಶ್'. ಹಿಂದೊಮ್ಮೆ ಗಾಳಕ್ಕೆ ಸಿಕ್ಕ ಆ ಮೀನನ್ನು ಬಿಡಿಸಲು ಹೋಗಿ ಅದರ ಮೇಲೆ ಕಾಲಿಟ್ಟು, ಮುಳ್ಳು ಪಾದಕ್ಕೆ ಹೊಕ್ಕು ಆಟ ತಪ್ಪಿಸಿಕೊಂಡಿದ್ದನಂತೆ. ಕಾಲಿನ ಕತೆಗೆ ಕಾಲಿನ ಕತೆಯವನೇ ಎದುರಾದ. ಶೆಪರ್ಡ್ ಅವನನ್ನು ಸ್ಟ್ರೈಕ್ ಔಟ್ ಮಾಡಿದ. ಇನಿಂಗ್ಸ್ ಮುಗಿಯಿತು.

ಅಷ್ಟಕ್ಕೇ ಅವನನ್ನು ಕೂರಿಸಿದ್ದರೆ ಪತ್ರಿಕೆಗೆ ಸಾಕಾದಷ್ಟು ಸುದ್ದಿಯಾಗುತ್ತಿತ್ತು. ಕೂರಿಸಲಿಲ್ಲ. ಐದನೆಯ ಇನಿಂಗ್ಸ್ ಹಾಕಿದ, ಆರನೆಯದು ಹಾಕಿದ, ಒಂಬತ್ತು ಮುಗಿಯುವ ತನಕ ಹಾಕಿದ. ಐದು ಮತ್ತು ಮೂರನೆಯ ಒಂದು ಇನಿಂಗ್ಸ್. ಕೊಟ್ಟದ್ದು ಮೂರು ಹಿಟ್, ಒಂದು ವಾಕ್, ಒಂದೇ ಒಂದು ರನ್. ಆ ಕಾಲದಲ್ಲಿ ಪಿಚರ್ ಕೂಡ ಬ್ಯಾಟ್ ಹಿಡಿಯಬೇಕಿತ್ತು. ಮೂರು ಸಲ ಹಿಡಿದ, ಹಿಟ್ ಸಿಗಲಿಲ್ಲ. ಹನ್ನೆರಡು ರನ್ ಬಾರಿಸಿದ ಅದೇ ಬ್ಯಾಟರ್‌ಗಳು ಮುಂದಿನ ಐದು ಇನಿಂಗ್ಸ್‌ನಲ್ಲಿ ಒಂದು ರನ್‌ಗೆ ಕಟ್ಟುಬಿದ್ದರು. ಪಂದ್ಯ 15-4ಕ್ಕೆ ಮುಗಿಯಿತು. ಒಂದನ್ನು ಒಂಬತ್ತರಿಂದ ಗುಣಿಸಿ ಐದೂ ಮೂರನೆಯ ಒಂದರಿಂದ ಭಾಗಿಸಿದರೆ 1.69.

ಗೆಲ್ಲುವ ಹೊತ್ತಿಗೆ ಬ್ಯಾಟರ್‌ಗಳ ಹುರುಪು ತಗ್ಗಿರಬಹುದು, ಯುದ್ಧಕಾಲದ ದುರ್ಬಲ ತಂಡ ಬೇರೆ, ಕೆಲವರಿಗೆ ಗಾಯಾಳು ಯೋಧನ ಮೇಲೆ ಮರುಕವೂ ಇದ್ದಿರಬಹುದು ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡಿದ್ದೇನೆ. ಈ 1.69 ಕೂಡ ಸಣ್ಣ ಛೇದದ ಮಗುವೇ. ಕ್ಲಿಯರಿಗೆ ಒಂದು ನ್ಯಾಯ, ಶೆಪರ್ಡ್‌ಗೆ ಒಂದು ನ್ಯಾಯ ಮಾಡುವಂತಿಲ್ಲ. ಅವನು ದೊಡ್ಡ ಪಿಚರ್ ಎಂಬುದಕ್ಕೆ ಈ ಸಂಖ್ಯೆ ಸಾಕ್ಷಿಯಲ್ಲ. ಇನ್ನೊಮ್ಮೆ ಚೆಂಡು ಕೊಟ್ಟು ನೋಡಬಹುದಿತ್ತು ಎಂಬುದಕ್ಕೆ ಸಾಕ್ಷಿ, ಅಷ್ಟೇ.

ಆ ಇನ್ನೊಮ್ಮೆ ಬರಲೇ ಇಲ್ಲ.

ಆಗಸ್ಟ್ 31ರಂದು, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಅದೇ ಗ್ರಿಫಿತ್ ಕ್ರೀಡಾಂಗಣದಲ್ಲಿ ಅವನಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ತೊಡಿಸಿದರು. ಜನ ಎದ್ದು ನಿಂತರು. ಪದಕ ಕೊಟ್ಟರು, ಚೆಂಡು ಕೊಡಲಿಲ್ಲ.

ಆ ವರ್ಷದ ಕೊನೆ ಹೇಗಾಯಿತೆಂದರೆ, ಸೆನೇಟರ್ಸ್ ಪ್ರಶಸ್ತಿಯನ್ನು ಒಂದೂವರೆ ಪಂದ್ಯದ ಅಂತರದಿಂದ ಕಳೆದುಕೊಂಡರು. ಮಾಲೀಕ ಗ್ರಿಫಿತ್ ತನ್ನ ಮೈದಾನವನ್ನು ಫುಟ್‌ಬಾಲ್ ತಂಡಕ್ಕೆ ಬಾಡಿಗೆಗೆ ಕೊಡುವ ಆಸೆಯಿಂದ ತನ್ನ ಪಂದ್ಯಗಳನ್ನು ವಾರ ಮೊದಲೇ ಮುಗಿಯುವಂತೆ ತುರುಕಿಸಿದ್ದ. ಜೋಡಿ ಪಂದ್ಯಗಳು ಮೇಲಿಂದ ಮೇಲೆ ಬಂದದ್ದಕ್ಕೂ ಈ ತುರುಕುವಿಕೆಗೂ ಸಂಬಂಧ ಇಲ್ಲದಿಲ್ಲ. ಆಮೇಲೆ ಆಟಗಾರರು ಕೈಕಟ್ಟಿ ಕುಳಿತು ಡೆಟ್ರಾಯಿಟ್ ಸೋಲಲಿ ಎಂದು ಹಾರೈಸಬೇಕಾಯಿತು. ಸೆಪ್ಟೆಂಬರ್ 30ರಂದು, ಕೊನೆಯ ಇನಿಂಗ್ಸ್‌ನಲ್ಲಿ, ಆ ಬೇಸಿಗೆಯಲ್ಲಷ್ಟೇ ಸೇನೆಯಿಂದ ಮರಳಿದ್ದ ಹ್ಯಾಂಕ್ ಗ್ರೀನ್‌ಬರ್ಗ್ ನಾಲ್ಕು ರನ್‌ಗಳ ಹೋಮ್‌ರನ್ ಬಾರಿಸಿ ಡೆಟ್ರಾಯಿಟ್‌ಗೆ ಪ್ರಶಸ್ತಿ ಕೊಡಿಸಿದ. ತುತ್ತು ಬಾಯಿಗೆ ಬರಲಿಲ್ಲ. ಶೆಪರ್ಡ್ ಎರಡು ಪಂದ್ಯ ಹೆಚ್ಚು ಹಾಕಿದ್ದರೆ ಪ್ರಶಸ್ತಿ ಬರುತ್ತಿತ್ತು ಎಂದು ನಾನು ಹೇಳಲಾರೆ, ನನ್ನ ವಿಷಯ ಅದಕ್ಕೆ ಅವಕಾಶ ಕೊಡುವುದಿಲ್ಲ. ದಣಿದ ತೋಳುಗಳ ತಂಡಕ್ಕೆ ದಣಿಯದ ಒಂದು ತೋಳು ಬೆಂಚಿನ ಮೇಲೆ ಕುಳಿತಿತ್ತು ಎಂದು ಮಾತ್ರ ಹೇಳಬಲ್ಲೆ.

ಆಗಸ್ಟ್ 4 ಶನಿವಾರ ಎಂದೆ. ಸೋಮವಾರ ಹಿರೋಷಿಮಾ. ಎರಡು ವಾರದೊಳಗೆ ಜಪಾನ್ ಶರಣಾಯಿತು. ಸೇನೆಗೆ ಹೋದ ಆಟಗಾರರು ಹಿಂದಿರುಗತೊಡಗಿದರು. ಕ್ಲಿಯರಿ, ಶೆಪರ್ಡ್, ಪೀಟ್ ಗ್ರೇ ಇಂಥವರು ಒಳಬಂದ ಬಾಗಿಲು ಮುಚ್ಚಿತು. ಒಬ್ಬನಿಗೆ ಅದು ಅವಮಾನದ ನಂತರ ಮುಚ್ಚಿತು, ಇನ್ನೊಬ್ಬನಿಗೆ ಚಪ್ಪಾಳೆಯ ನಂತರ. ಬಾಗಿಲು ಒಂದೇ.

ಶೆಪರ್ಡ್‌ನ ಕಾಲಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು, ಅದು ಸುಸೂತ್ರವಾಗಲಿಲ್ಲ, ಆಟದ ಒಳ್ಳೆಯ ವರ್ಷಗಳು ಅದರಲ್ಲೇ ಹೋದವು. ಕೆಳಹಂತದ ತಂಡಗಳಲ್ಲಿ ಆಡಿದ, ಆಡಿಸಿದ. ಟೈಪ್‌ರೈಟರ್ ಮಾರಿದ. ವಿಮಾನ ಕಂಪನಿಯಲ್ಲಿ ಸುರಕ್ಷತಾ ಎಂಜಿನಿಯರ್ ಆದ. ಗಾಲ್ಫ್ ಹಿಡಿದು, ಅಂಗ ಕಳೆದುಕೊಂಡವರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅನ್ನು 1968ರಲ್ಲಿ ಒಮ್ಮೆ, 1971ರಲ್ಲಿ ಮತ್ತೊಮ್ಮೆ ಗೆದ್ದ. 2008ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ.

ಅದಕ್ಕೂ ಮೊದಲು ಒಂದು ಹಳೆಯ ಸಾಲ ತೀರಿತು. ಹೊಲದಲ್ಲಿ ತನ್ನನ್ನು ಉಳಿಸಿದವರು ಯಾರೆಂದು ಶೆಪರ್ಡ್‌ಗೆ ದಶಕಗಳ ಕಾಲ ತಿಳಿದಿರಲಿಲ್ಲ. ಆ ಅಮೆರಿಕನ್ ಪೈಲಟ್ ಬದುಕಿದನೋ ಇಲ್ಲವೋ ಎಂದು ವೈದ್ಯ ಲೋಯ್ಡಲ್‌ಗೂ ತಿಳಿದಿರಲಿಲ್ಲ. ಮುದುಕನಾದ ವೈದ್ಯ ಪರಿಚಯದ ಇಂಗ್ಲಿಷ್ ವ್ಯಕ್ತಿಯೊಬ್ಬರಲ್ಲಿ ಈ ವಿಷಯ ಹೇಳಿಕೊಂಡ, ಅವರು ಹುಡುಕಿ ಪತ್ತೆಹಚ್ಚಿದರು, 1993ರಲ್ಲಿ ಇಬ್ಬರೂ ಎದುರುಬದುರಾದರು. ಕ್ಯಾಮೆರಾ ಅಲ್ಲಿಯೂ ಇತ್ತು. ಈ ಒಂದು ಸಲ ಕ್ಯಾಮೆರಾ ಬಂದದ್ದಕ್ಕೆ ನನ್ನ ತಕರಾರಿಲ್ಲ.

ಕ್ಲಿಯರಿಗೆ ಪುನರ್ಮಿಲನವಿಲ್ಲ, ಪದಕವಿಲ್ಲ. 2004ರಲ್ಲಿ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಬೇಸ್‌ಬಾಲ್ ಪಟ್ಟಿಗಳಲ್ಲಿ ಅವನ ಹೆಸರು ಎರಡು ಕಡೆ ಉಳಿದಿತ್ತು. ಒಂದು, ಆ 189. ಇನ್ನೊಂದು, ಮೇಜರ್ ಲೀಗ್ ಆಡಿದ ಕೊನೆಯ ಐರ್ಲೆಂಡ್ ಸಂಜಾತ ಎಂಬುದು. ಎರಡನೆಯದು 2018ರ ಮೇ ತಿಂಗಳಲ್ಲಿ ಹೋಯಿತು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಪಿ. ಜೆ. ಕಾನ್ಲನ್ ನ್ಯೂಯಾರ್ಕ್ ಮೆಟ್ಸ್ ಪರವಾಗಿ ದಿಬ್ಬ ಹತ್ತಿದ. ಅವನೂ ಎಡಗೈ ಪಿಚರ್. ಎಪ್ಪತ್ತಮೂರು ವರ್ಷಗಳ ನಂತರ ಪತ್ರಿಕೆಗಳಲ್ಲಿ ಕ್ಲಿಯರಿಯ ಹೆಸರು ಮತ್ತೆ ಅಚ್ಚಾಯಿತು, ಈ ಸಲ 189ರ ಜೊತೆಗೆ ಕಾರ್ಕ್ ಎಂಬ ಊರಿನ ಹೆಸರೂ ಸೇರಿ.

ಗ್ರಿಫಿತ್ ಕ್ರೀಡಾಂಗಣವನ್ನು 1965ರಲ್ಲಿ ಕೆಡವಿದರು. ಈಗ ಆ ಜಾಗದಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆ ಇದೆ.

ಪ್ರಶ್ನೆಗಳಿದ್ದರೆ ಕೇಳಿ. ಹಲಗೆ ಒರೆಸುವುದನ್ನು ಆಮೇಲೆ ನೋಡೋಣ.